ಕುದುರೆ ಮಸಾಲೆ ಹೊಲದ ಯಜಮಾನ

1973ರಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಒಬ್ಬ ಹಾಲಿನ ರೈತನ ಸಾವಿಗೆ ಇಡೀ ಒಂದು ಪುಟ ಮೀಸಲಿಟ್ಟಿತು. ರಾಕ್ ಸಂಗೀತಕ್ಕೆಂದೇ ಹುಟ್ಟಿದ ಪತ್ರಿಕೆ ಅದು. ಅಷ್ಟು ಜಾಗ ಸಿಗಬೇಕಾದರೆ ಗಿಟಾರ್ ಹಿಡಿದು ಹೆಸರು ಮಾಡಿರಬೇಕು, ಇಲ್ಲವೇ ಹತ್ತಾರು ಲಕ್ಷ ರೆಕಾರ್ಡ್ ಮಾರಿರಬೇಕು. ಮ್ಯಾಕ್ಸ್ ಯಾಸ್ಗರ್ ಇವೆರಡನ್ನೂ ಮಾಡಿದವರಲ್ಲ. ಅವರ ಹೆಸರಿಗಿದ್ದದ್ದು 650 ಹಸು, ಹಾಲು ಕಾಯಿಸಿ ಬಾಟಲಿಗೆ ತುಂಬುವ ಒಂದು ಘಟಕ, ಮನೆಮನೆಗೆ ಹಾಲು ಹಾಕುವ ಗಾಡಿಗಳು. ಆ ವರ್ಷ ಫೆಬ್ರುವರಿ 9ರಂದು ಫ್ಲಾರಿಡಾದ ಮ್ಯಾರಥಾನ್ ಎಂಬ ಊರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 53 ವರ್ಷ. ಹಸುಗಳನ್ನೂ ಹೊಲವನ್ನೂ ಮಾರಿ, ಇನ್ನು ಸಾಕು ಎಂದು ಬೆಚ್ಚಗಿನ ಸೀಮೆಗೆ ಹೋಗಿ ಕೂತು ಎರಡು ವರ್ಷವೂ ಆಗಿರಲಿಲ್ಲ.

‘ಯಾಸ್ಗರ್ ಫಾರ್ಮ್’ ಎಂಬ ಹೆಸರನ್ನು ಕೇಳಿದವರು ಬಹಳ. ಜೋನಿ ಮಿಚೆಲ್ ಅವರ ಹಾಡಿನಲ್ಲಿ ಅದು ಬರುತ್ತದೆ. ‘ಮೌಂಟನ್’ ಎಂಬ ತಂಡ ಆ ಹೊಲದ ಹೆಸರಿನಲ್ಲೇ ಒಂದು ಹಾಡು ಕಟ್ಟಿತು. 1969ರ ಆಗಸ್ಟ್‌ನಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿ ಹುಡುಗ ಹುಡುಗಿಯರು ಮಳೆಯಲ್ಲಿ ನೆನೆಯುತ್ತ ಸಂಗೀತ ಕೇಳಿದ ವುಡ್‌ಸ್ಟಾಕ್ ಉತ್ಸವ ನಡೆದ ಜಾಗ ಅದೇ. ಆದರೆ ಹೆಸರು ಹೊಲಕ್ಕೆ ಅಂಟಿಕೊಂಡಷ್ಟು ಮನುಷ್ಯನಿಗೆ ಅಂಟಿಕೊಳ್ಳಲಿಲ್ಲ. ಅವರನ್ನು ಹಿಪ್ಪಿಗಳ ದೋಸ್ತಿ ಎಂದು ತಿಳಿದವರಿದ್ದಾರೆ, ದುಡ್ಡಿಗೆ ಬಿದ್ದು ಊರು ಹಾಳು ಮಾಡಿದ ಜಮೀನ್ದಾರ ಎಂದವರೂ ಇದ್ದಾರೆ. ನನಗೆ ಕಾಣುವುದು ಬೇರೆ. ಉತ್ಸವದ ಮೂರು ದಿನ ಅವರು ಮಾಡಿದ್ದರಲ್ಲಿ ಬಹುಪಾಲು ಹಾಲಿನ ಕಸುಬಿನವನ ಬುದ್ಧಿ. ಅದನ್ನು ಬಿಟ್ಟು ನೋಡಿದರೆ ಆ ಮನುಷ್ಯ ಕೈಗೆ ಸಿಗುವುದಿಲ್ಲ.

ಮ್ಯಾಕ್ಸ್ ಹುಟ್ಟಿದ್ದು 1919ರ ಡಿಸೆಂಬರ್ 15ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಸ್ಯಾಮುಯೆಲ್, ತಾಯಿ ಬೆಲ್ಲಾ. ಇಬ್ಬರೂ ರಷ್ಯಾದಿಂದ ವಲಸೆ ಬಂದ ಯಹೂದಿಗಳು. ನಗರದಿಂದ ವಾಯವ್ಯಕ್ಕೆ ಕ್ಯಾಟ್‌ಸ್ಕಿಲ್ ಬೆಟ್ಟಗಳ ತಪ್ಪಲಿನ ಸಲಿವನ್ ಕೌಂಟಿಯಲ್ಲಿ ಅವರದೊಂದು ಹೊಲವಿತ್ತು, ಜೊತೆಗೇ ಒಂದು ಸಣ್ಣ ಹೋಟೆಲು. ಆ ಕಾಲಕ್ಕೆ ಅಲ್ಲಿ ಬಹಳ ಮನೆಗಳ ಕತೆ ಹೀಗೇ. ಕಲ್ಲು ತುಂಬಿದ ನೆಲ, ಬೇಸಾಯ ಒಂದರಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ನಗರದ ಸೆಕೆ ತಾಳಲಾರದೆ ಬರುವ ಯಹೂದಿ ಕುಟುಂಬಗಳಿಗೆ ಕೋಣೆ ಬಾಡಿಗೆ ಕೊಟ್ಟು, ಮನೆಯ ಹಾಲು ಬೆಣ್ಣೆ ಬಡಿಸಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. ಅಮೆರಿಕದ ಎಷ್ಟೋ ಒಳ್ಳೆಯ ಹೋಟೆಲುಗಳು ಆಗ ಯಹೂದಿಗಳನ್ನು ಬಾಗಿಲಲ್ಲೇ ತಡೆಯುತ್ತಿದ್ದವು. ಅವರಿಗೆಂದೇ ಈ ತಪ್ಪಲಿನಲ್ಲಿ ನೂರಾರು ಹೋಟೆಲು, ಬಂಗಲೆಗಳು ಎದ್ದದ್ದು. ಬಂದವರಿಗೆ ಉಣಬಡಿಸುವ ಮನೆಯಲ್ಲಿ ಬೆಳೆದ ಹುಡುಗ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಆಸ್ತಿಪಾಸ್ತಿಯ ಕಾನೂನು. ಕರಿ ಕೋಟು ಹಾಕಿಕೊಂಡು ನಗರದಲ್ಲಿ ಉಳಿಯಬಹುದಿತ್ತು. ಉಳಿಯದೆ ಊರಿಗೆ ಮರಳಿ ಹಸು ಕಟ್ಟಿದರು. ಆಮೇಲೆ ಬೆತೆಲ್ ಎಂಬ ಊರಿನ ಕಡೆ ಜಮೀನು ಮಾಡಿ, ಕೊಟ್ಟಿಗೆ ಬೆಳೆಸುತ್ತ ಹೋದರು. ಕಾನೂನು ಓದಿದ್ದು ದಂಡವಾಗಲಿಲ್ಲ. ಯಾವ ಕಾಗದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅರವತ್ತರ ದಶಕದ ಕೊನೆಗೆ ಸಲಿವನ್ ಕೌಂಟಿಯಲ್ಲಿ ಅವರಷ್ಟು ಹಾಲು ಉತ್ಪಾದಿಸುವವರು ಇನ್ನೊಬ್ಬರಿರಲಿಲ್ಲ.

ಅವರ ಮಂದೆಯಲ್ಲಿ ಹೆಚ್ಚಿನವು ಗರ್ನ್ಸಿ ತಳಿಯವು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಲ್ಲಿರುವ ಗರ್ನ್ಸಿ ಎಂಬ ಪುಟ್ಟ ದ್ವೀಪದ ಹಸು ಇದು, ನಮಗೆ ಪರಿಚಯವಿರುವ ಜೆರ್ಸಿಯ ನೆರೆಯ ದ್ವೀಪದ್ದು. ಕಂದು ಮೈಯ ಮೇಲೆ ಬಿಳಿ ಮಚ್ಚೆ. ಹುಲ್ಲಿನಲ್ಲಿರುವ ಕೆರೋಟಿನ್ ಅಂಶ ಹಾಲಿಗೆ ಹೆಚ್ಚಾಗಿ ಇಳಿಯುವುದರಿಂದ ಹಾಲೇ ಹೊಂಬಣ್ಣ, ಬೆಣ್ಣೆಯಂತೂ ಅರಿಸಿನ ಹಚ್ಚಿದಂತಿರುತ್ತದೆ. ಕೊಬ್ಬಿನ ಅಂಶ ನೂರಕ್ಕೆ ನಾಲ್ಕೂವರೆಯ ಮೇಲೆ. ಆದರೆ ಕರೆಯುವ ಹಾಲು ಕಡಿಮೆ. ನಮ್ಮೂರ ಡೇರಿಗಳಲ್ಲಿ ‘ಎಚ್‌ಎಫ್’ ಎಂದು ಕರೆಯುವ ಕಪ್ಪು ಬಿಳುಪಿನ ಹೋಲ್‌ಸ್ಟೀನ್ ಹಸುವಿನ ಮುಂದೆ ಲೀಟರಿನ ಲೆಕ್ಕದಲ್ಲಿ ಅದು ನಿಲ್ಲುವುದಿಲ್ಲ. ದೇಶದ ತುಂಬ ರೈತರು ಎಚ್‌ಎಫ್ ಕಡೆ ವಾಲುತ್ತಿದ್ದ ಕಾಲದಲ್ಲಿ ಗರ್ನ್ಸಿ ಮಂದೆಯನ್ನು ಉಳಿಸಿಕೊಳ್ಳಬೇಕಾದರೆ ಒಂದೇ ದಾರಿ: ಹಾಲನ್ನು ಸಗಟು ಟ್ಯಾಂಕಿಗೆ ಸುರಿಯದೆ, ರುಚಿ ಕಂಡ ಗಿರಾಕಿಗೆ ತಾನೇ ಮುಟ್ಟಿಸುವುದು. ಮ್ಯಾಕ್ಸ್ ಹಿಡಿದದ್ದು ಆ ದಾರಿಯನ್ನೇ. 17ಬಿ ಹೆದ್ದಾರಿಯ ಪಕ್ಕದಲ್ಲಿ ಅವರದೇ ಹಾಲಿನ ಘಟಕ. ಅಲ್ಲೇ ಪಾಶ್ಚರೀಕರಣ, ಅಲ್ಲೇ ಗಾಜಿನ ಬಾಟಲಿಗೆ ತುಂಬಿಸುವುದು, ಅಲ್ಲಿಂದಲೇ ವರ್ತನೆ ಮನೆಗಳಿಗೆ ಗಾಡಿ.

ವರ್ತನೆ ಹಾಲಿನ ಕಷ್ಟ ಕಟ್ಟಿಕೊಂಡವರಿಗೇ ಗೊತ್ತು. ಹಬ್ಬ, ಹುಣ್ಣಿಮೆ, ಹಿಮ, ಜ್ವರ ಯಾವ ನೆಪವೂ ನಡೆಯುವುದಿಲ್ಲ. ಹಾಲು ಬರದ ದಿನ ಗಿರಾಕಿ ಬೇರೆಯವನ ಬಾಟಲಿ ಬಾಗಿಲಲ್ಲಿ ಇಡಿಸಿಕೊಳ್ಳುತ್ತಾನೆ, ಅಷ್ಟೇ. ಅತ್ತ ಕೊಟ್ಟಿಗೆಯಲ್ಲಿ ದಿನಕ್ಕೆ ಎರಡು ಹೊತ್ತು ಕರೆಯದಿದ್ದರೆ ಕೆಚ್ಚಲು ಕಟ್ಟಿ, ಬಾವು ಬಂದು, ಹಸುವೇ ಕೈತಪ್ಪುತ್ತದೆ. 650 ಹಸುಗಳ ಕೊಟ್ಟಿಗೆ ಎಂದರೆ ಅದೊಂದು ಸಣ್ಣ ಕಾರ್ಖಾನೆ. ಆಳುಕಾಳು, ಯಂತ್ರ, ಶೀತಲೀಕರಣ, ಗಾಡಿ, ಬಾಕಿ ವಸೂಲಿ. ಇಷ್ಟನ್ನೂ ಒಬ್ಬ ಗಂಡಸು ಒಬ್ಬನೇ ನಡೆಸಿದ ಎಂದು ಬರೆಯುವುದು ವಾಡಿಕೆ, ಅದು ಸುಳ್ಳು. ಹಾಲಿನ ಕಸುಬು ಯಾವ ದೇಶದಲ್ಲೂ ಮನೆಮಂದಿಯ ಕಸುಬು. ಯಾಸ್ಗರ್ ಮನೆಯಲ್ಲಿ ಮಡದಿ ಮಿರಿಯಮ್ ಇದ್ದರು, ಮನೆಯವರೆಲ್ಲ ಕರೆಯುತ್ತಿದ್ದದ್ದು ಮಿಮಿ ಎಂದು. 1942ರಲ್ಲಿ ಮಗ ಸ್ಯಾಮ್ ಹುಟ್ಟಿದ, 1944ರಲ್ಲಿ ಮಗಳು ಲೋಯಿಸ್. ಮ್ಯಾಕ್ಸ್ ತೀರಿಕೊಂಡ ಮೇಲೆ ಅವರ ಬಗ್ಗೆ ನಂಬುವಂತೆ ಹೇಳಿದವರು ಮಿರಿಯಮ್ ಮತ್ತು ಸ್ಯಾಮ್; ಸಂಗೀತದ ಪತ್ರಕರ್ತರಲ್ಲ.

1969ರ ಬೇಸಿಗೆ ಅಲ್ಲಿ ಮಳೆಗಾಲವೇ ಆಗಿತ್ತು. ಹುಲ್ಲು ಬೆಳೆದರೂ ಕೊಯ್ದು ಒಣಗಿಸಲು ಬಿಸಿಲಿಲ್ಲ. ನಮ್ಮಲ್ಲಿ ರಾಗಿ ಹುಲ್ಲು ಮೆದೆ ಹಾಕುವ ಹೊತ್ತಿಗೆ ಮಳೆ ಹಿಡಿದರೆ ಎದೆ ಹೇಗೆ ಕುಸಿಯುತ್ತದೋ ಹಾಗೇ. ಅಲ್ಲಿ ಚಳಿಗಾಲ ಐದಾರು ತಿಂಗಳು, ಹಸು ಕೂಡಿಟ್ಟ ಮೇವಿನ ಮೇಲೇ ಬದುಕಬೇಕು. ಅಷ್ಟು ದೊಡ್ಡ ಮಂದೆಗೆ ಮೇವು ಹಣ ಕೊಟ್ಟು ತರುವುದೆಂದರೆ ವರ್ಷದ ಲಾಭ ಹೋದಂತೆಯೇ. ಇಂಥ ಹೊತ್ತಿನಲ್ಲಿ ಬಾಗಿಲಿಗೆ ಬಂದದ್ದು ಹೊಲ ಬಾಡಿಗೆಗೆ ಕೇಳುವ ಹುಡುಗರು. ಆ ಹಣ ಹುಲ್ಲಿನ ಖರ್ಚಿಗಾಗುತ್ತದೆ ಎಂಬ ಲೆಕ್ಕದಿಂದಲೇ ಮಾತು ಶುರುವಾಯಿತೆಂದು ಮಿರಿಯಮ್ ಆಮೇಲೆ ಹೇಳಿದ್ದಾರೆ. ಜಗತ್ತಿನ ಅತಿ ಪ್ರಸಿದ್ಧ ಸಂಗೀತ ಉತ್ಸವದ ಹಿಂದೆ ಹಸುವಿನ ಮೇವಿನ ಚಿಂತೆ ಇತ್ತು ಎಂಬುದು ನನಗಂತೂ ಬಹಳ ಇಷ್ಟದ ಸಂಗತಿ.

ಬಂದ ಹುಡುಗರ ಪಾಡು ಇನ್ನೂ ಕಷ್ಟದ್ದು. ಮೈಕಲ್ ಲ್ಯಾಂಗ್, ಆರ್ಟಿ ಕಾರ್ನ್‌ಫೆಲ್ಡ್, ಜೋಯೆಲ್ ರೋಸೆನ್‌ಮನ್, ಜಾನ್ ರಾಬರ್ಟ್ಸ್ ಎಂಬ ನಾಲ್ವರು, ಯಾರಿಗೂ ಮೂವತ್ತು ತುಂಬಿರಲಿಲ್ಲ. ವುಡ್‌ಸ್ಟಾಕ್ ಎಂಬ ಊರಿನ ಹೆಸರಿನಲ್ಲಿ ಉತ್ಸವ ಸಾರಿ, ವಾಲ್‌ಕಿಲ್ ಎಂಬ ಇನ್ನೊಂದು ಊರಿನಲ್ಲಿ ಜಾಗ ಹಿಡಿದು, ಟಿಕೆಟ್ ಮಾರಿಕೊಂಡು ಕೂತಿದ್ದರು. ಜುಲೈ ಮಧ್ಯದಲ್ಲಿ ವಾಲ್‌ಕಿಲ್ ಆಡಳಿತ ಆಗುವುದಿಲ್ಲ ಎಂದುಬಿಟ್ಟಿತು. ಉತ್ಸವಕ್ಕೆ ಉಳಿದದ್ದು ಒಂದೇ ತಿಂಗಳು. ಆಗ ಮ್ಯಾಕ್ಸ್ ಅವರ ಹೊಲ ಕಣ್ಣಿಗೆ ಬಿತ್ತು. ಮೂರು ಕಡೆ ಇಳಿಜಾರು, ಬುಡದಲ್ಲಿ ವೇದಿಕೆ ಕಟ್ಟಲು ಸಮತಟ್ಟು ನೆಲ, ಅದರ ಹಿಂದೆ ಒಂದು ಕೆರೆ. ಬಯಲು ರಂಗಮಂದಿರವೆಂದು ದೇವರೇ ಕಡೆದಿಟ್ಟ ಜಾಗ. ಮ್ಯಾಕ್ಸ್ ಅದರಲ್ಲಿ ಬೆಳೆಸಿದ್ದದ್ದು ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು.

ಲ್ಯಾಂಗ್ ಆ ಭೇಟಿಯನ್ನು ಹಲವು ಸಲ ನೆನೆದಿದ್ದಾರೆ. ಮ್ಯಾಕ್ಸ್ ಅವರ ಬಲಗೈಯಲ್ಲಿ ಮೂರೇ ಬೆರಳು, ಆದರೆ ಕೈ ಕುಲುಕಿದರೆ ಕಬ್ಬಿಣದ ಹಿಡಿತ. ಹೊಲ ನೋಡುತ್ತ ನಿಂತ ಹುಡುಗನ ಕಣ್ಣಲ್ಲಿ ಗಂಧರ್ವಲೋಕ ಇಳಿಯುತ್ತಿದ್ದರೆ, ಮ್ಯಾಕ್ಸ್ ಪೆನ್ಸಿಲ್ ತುದಿಯನ್ನು ನಾಲಿಗೆಗೆ ತಾಗಿಸಿ ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದರು: ಈ ಬೆಳೆ ತುಳಿದು ಹೋದರೆ ಎಷ್ಟು ನಷ್ಟ, ಮತ್ತೆ ಬಿತ್ತಲು ಎಷ್ಟು ಖರ್ಚು. ಅದನ್ನು ಜಿಪುಣತನ ಎನ್ನುವವರು ಹೊಲದ ಬದುವಿನ ಮೇಲೆ ನಿಂತು ವ್ಯಾಪಾರ ಮಾಡಿದವರಲ್ಲ. ಲೆಕ್ಕ ಮೊದಲೇ ಚುಕ್ತಾ ಮಾಡಿಕೊಂಡವನು ಆಮೇಲೆ ಧಾರಾಳಿಯಾಗಬಹುದು, ಮ್ಯಾಕ್ಸ್ ಆದದ್ದೂ ಹಾಗೆಯೇ.

ಸುದ್ದಿ ಹಬ್ಬಿತು. ಊರವರಲ್ಲಿ ಗುಲ್ಲೆದ್ದಿತು. ಉದ್ದ ಕೂದಲು, ಗಾಂಜಾ, ಬೆತ್ತಲೆ ಸ್ನಾನ ಎಂದೆಲ್ಲ ಮಾತು. ರಸ್ತೆಯ ಪಕ್ಕ ಒಂದು ಫಲಕ ತಲೆ ಎತ್ತಿತು: ಮ್ಯಾಕ್ಸ್‌ನ ಹಿಪ್ಪಿ ಮೇಳ ನಿಲ್ಲಿಸಿ, ಲಕ್ಷಗಟ್ಟಲೆ ಹಿಪ್ಪಿಗಳು ಇಲ್ಲಿ ಬೇಡ, ಅವನ ಹಾಲು ಕೊಳ್ಳಬೇಡಿ ಎಂಬ ಅರ್ಥದ್ದು. ಹಾಲು ಮಾರಿ ಬದುಕುವವನಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಆ ಫಲಕವನ್ನು ಮಿರಿಯಮ್ ಕಂಡರು. ಬರೆಸಿದವರಿಗೆ ತನ್ನ ಗಂಡನ ಸ್ವಭಾವ ಗೊತ್ತಿಲ್ಲ, ಇನ್ನು ಈ ಉತ್ಸವ ನಡೆದೇ ನಡೆಯುತ್ತದೆ ಎಂದು ಅವರಿಗೆ ಅಲ್ಲೇ ಹೊಳೆಯಿತಂತೆ. ಹಾಗೇ ಆಯಿತು. ಅಲ್ಲಿಯವರೆಗೆ ಅದು ಹುಲ್ಲಿನ ಖರ್ಚಿನ ವ್ಯವಹಾರ. ಫಲಕ ಎದ್ದ ಮೇಲೆ ಅದು ಮ್ಯಾಕ್ಸ್ ಅವರ ಛಲ. ಆದರೂ ಹೆಂಡತಿಯನ್ನು ಕೇಳದೆ ಮುಂದುವರಿಯಲಿಲ್ಲ. ಕೇಳಿದರು, ಆಕೆ ಹ್ಞೂಂ ಅಂದರು. ನಷ್ಟವಾದರೆ ಇಬ್ಬರದೂ ಎಂದು ಇಬ್ಬರಿಗೂ ಗೊತ್ತಿತ್ತು.

ಊರ ಆಡಳಿತದ ಸಭೆಯಲ್ಲಿ ಅವರು ಆಡಿದ ಮಾತಿನ ಸಾರ ದಾಖಲಾಗಿದೆ. ಆ ಹುಡುಗರ ವೇಷ ತನಗೂ ಹಿಡಿಸುವುದಿಲ್ಲ, ಅವರ ಬಾಳಿನ ರೀತಿ, ನಶೆ, ಸರಕಾರದ ಬಗ್ಗೆ ಅವರು ಆಡುವ ಮಾತು ಯಾವುದೂ ತನಗೆ ಒಪ್ಪಿಗೆಯಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಆದರೆ ಈ ದೇಶದ ಸಮವಸ್ತ್ರ ತೊಟ್ಟು ಒಂದಾದ ಮೇಲೊಂದು ಯುದ್ಧದಲ್ಲಿ ಸತ್ತವರೆಲ್ಲ ಸತ್ತದ್ದು ಇಂಥವರು ತಮಗೆ ಸರಿಕಂಡಂತೆ ಬದುಕುವ ಸ್ವಾತಂತ್ರ್ಯ ಉಳಿಯಲಿ ಎಂದೇ. ವೇಷ ಹಿಡಿಸಲಿಲ್ಲ ಎಂದು ಅವರನ್ನು ಊರಿಂದ ಅಟ್ಟುವುದು ತನಗೆ ಆಗದು ಎಂದರು. ಇದು ಹಿಪ್ಪಿಗಳ ವಕ್ತಾರ ಆಡಿದ ಮಾತಲ್ಲ. ಮ್ಯಾಕ್ಸ್ ರಿಪಬ್ಲಿಕನ್ ಪಕ್ಷದವರು, ವಿಯೆಟ್ನಾಂ ಯುದ್ಧವನ್ನು ಬೆಂಬಲಿಸಿದವರು. ಮಗ ಸ್ಯಾಮ್ ಆಗ ನ್ಯೂಯಾರ್ಕ್ ನಗರದಲ್ಲಿ ಸರಕಾರಿ ಅಭಿಯೋಜಕರ ಕಚೇರಿಯಲ್ಲಿ ಸಹಾಯಕ ವಕೀಲ. ಅಂದರೆ ನಶೆ ಮಾಡಿ ಸಿಕ್ಕಿಬಿದ್ದವರನ್ನು ಕಟಕಟೆಗೆ ನಿಲ್ಲಿಸುವ ಕೆಲಸ. ಇಂಥ ಮನೆಯ ಯಜಮಾನ ತನಗೆ ಒಪ್ಪಿಗೆಯಿಲ್ಲದವರ ಪರವಾಗಿ ಊರನ್ನು ಎದುರು ಹಾಕಿಕೊಂಡದ್ದು. ಒಪ್ಪುವವರ ಪರ ನಿಲ್ಲುವುದು ಎಲ್ಲರಿಗೂ ಬರುತ್ತದೆ. ಹೋಟೆಲಿನ ಬಾಗಿಲಲ್ಲಿ ಮುಖ ನೋಡಿ ಒಳಗೆ ಬಿಡದ ಕಾಲದಲ್ಲಿ ಬೆಳೆದ ವಲಸಿಗರ ಮಗನಿಗೆ, ವೇಷ ನೋಡಿ ಜನರನ್ನು ಅಟ್ಟುವ ಮಾತು ಎಲ್ಲೋ ಚುಚ್ಚಿರಬೇಕು ಎಂದು ನಾನು ಓದಿಕೊಳ್ಳುತ್ತೇನೆ. ಅವರು ಹಾಗೆಂದು ಎಲ್ಲೂ ಹೇಳಿಕೊಂಡದ್ದು ನಾನು ಕಂಡಿಲ್ಲ.

ಐವತ್ತು ಸಾವಿರ ಜನ ಬರುತ್ತಾರೆ ಎಂದು ಸಂಘಟಕರು ಊರಿಗೆ ಹೇಳಿದ್ದರು. ಅಷ್ಟರಲ್ಲೇ ಅವರು ಮುಂಗಡ ಮಾರಿದ್ದ ಟಿಕೆಟ್ಟು 1,86,000. ಬಂದವರು ನಾಲ್ಕು ಲಕ್ಷದ ಮೇಲೆ. ಬೇಲಿ ಮುಗಿದಿರಲಿಲ್ಲ, ಟಿಕೆಟ್ ಕೇಳುವವರೂ ದಿಕ್ಕಿಲ್ಲದೆ ನಿಂತರು, ಉತ್ಸವ ಪುಕ್ಕಟೆಯಾಯಿತು. 17ಬಿ ಹೆದ್ದಾರಿ ಮೈಲಿಗಟ್ಟಲೆ ಕಟ್ಟಿಕೊಂಡಿತು; ಜನ ಕಾರುಗಳನ್ನು ರಸ್ತೆಯಲ್ಲೇ ಬಿಟ್ಟು ನಡೆದರು. ಈ ಗಲಾಟೆಯಲ್ಲಿ ಹಾಡುಗಾರರು ಹೆಲಿಕಾಪ್ಟರಿನಲ್ಲಿ ಇಳಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಸುತ್ತಲಿನ ಕೊಟ್ಟಿಗೆಗಳ ಕತೆ ಹೇಳುವವರು ಕಡಿಮೆ. ಹೊರಗೆ ಪ್ರಪಂಚ ಮುಳುಗಿದರೂ ಹಸು ಹೊತ್ತಿಗೆ ಸರಿಯಾಗಿ ಕರೆಸಿಕೊಳ್ಳಲೇಬೇಕು. ಕರೆದ ಹಾಲು ಒಯ್ಯಲು ಲಾರಿ ಬರುವಂತಿಲ್ಲ. ನೆರೆಯ ರೈತರು ಹಾಲನ್ನು ಚೆಲ್ಲಬೇಕಾಯಿತು. ಅವರ ಸಿಟ್ಟಿಗೆ ಕಾರಣವಿರಲಿಲ್ಲ ಎಂದು ನಾನು ಹೇಳಲಾರೆ. ಹಿಪ್ಪಿಗಳ ಮೇಲಿನ ಅಸಹ್ಯ ಒಂದು ಮಾತು, ಕರೆದ ಹಾಲು ಮೋರಿಗೆ ಹೋಗುವುದನ್ನು ನೋಡುವ ಸಂಕಟ ಇನ್ನೊಂದು.

ನೀರಿನ ವಿಷಯ ಕಿವಿಗೆ ಬಿದ್ದದ್ದು ಆಗಲೇ. ಬಾಯಾರಿ ಬಂದ ಹುಡುಗರಿಗೆ ಊರವರಲ್ಲಿ ಕೆಲವರು ಕೊಳವೆ ನೀರನ್ನು ದುಡ್ಡಿಗೆ ಮಾರುತ್ತಿದ್ದಾರೆ ಎಂಬ ಸುದ್ದಿ. ನೀರಿಗೆ ಯಾರಾದರೂ ಕಾಸು ಕೇಳುತ್ತಾರೆಯೇ ಎಂದು ಮ್ಯಾಕ್ಸ್ ಮೇಜು ಗುದ್ದಿ ಕೂಗಾಡಿದರು ಎಂದು ಅಂದಿನ ಪತ್ರಿಕೆಯೇ ವರದಿ ಮಾಡಿದೆ. ‘ನೀರು ಪುಕ್ಕಟೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಕೊಟ್ಟಿಗೆಗೆ ತೂಗುಹಾಕಿಸಿದರು. ಮನೆಯವರಿಗೆ ಅವರು ಕೊಟ್ಟ ಅಪ್ಪಣೆಯನ್ನು ಸ್ಯಾಮ್ ನೆನೆದಿದ್ದಾರೆ: ಘಟಕದಲ್ಲಿರುವ ಖಾಲಿ ಹಾಲಿನ ಬಾಟಲಿ ಅಷ್ಟನ್ನೂ ತನ್ನಿ, ನೀರು ತುಂಬಿ ಹುಡುಗರಿಗೆ ಕೊಡಿ, ಡೇರಿಯಲ್ಲಿರುವ ಹಾಲು, ಹಾಲಿನ ಪದಾರ್ಥ ಎಲ್ಲವನ್ನೂ ಹಂಚಿಬಿಡಿ. ಗಾಜಿನ ಬಾಟಲಿ ಎಂದರೆ ವರ್ತನೆ ಹಾಲಿನವನ ಬಂಡವಾಳ. ಗಿರಾಕಿಯ ಮನೆಯಿಂದ ಖಾಲಿ ಬಾಟಲಿ ವಾಪಸು ಬಂದರೇ ಮರುದಿನದ ಹಾಲು. ಲಕ್ಷ ಜನರ ಕೈಗೆ ಕೊಟ್ಟ ಬಾಟಲಿ ತಿರುಗಿ ಬರುವುದಿಲ್ಲ ಎಂದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಮ್ಯಾಕ್ಸ್ ಅವರಿಗೆ ಗೊತ್ತಿತ್ತು. ಕುದುರೆ ಮಸಾಲೆಗೆ ಪೈಸೆ ಪೈಸೆ ಲೆಕ್ಕ ಹಾಕಿದ್ದ ಮನುಷ್ಯ ಇಲ್ಲಿ ಲೆಕ್ಕ ಹಾಕಲಿಲ್ಲ. ಬಾಡಿಗೆ ವ್ಯಾಪಾರ; ಬಾಯಾರಿದವನಿಗೆ ನೀರು ವ್ಯಾಪಾರವಲ್ಲ. ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಬರುವ ಗಾಡಿಗಳಿಗೆಂದು ಅರವಟ್ಟಿಗೆ ಇಡುತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ರಾತ್ರಿ ಮಳೆಯ ನಡುವೆ ನಮ್ಮ ಪಂಡಿತ್ ರವಿಶಂಕರ್ ಸಿತಾರ್ ನುಡಿಸಿದರು, ತಬಲಾದಲ್ಲಿ ಅಲ್ಲಾ ರಖಾ. ಅದಕ್ಕೂ ಮೊದಲು ಸ್ವಾಮಿ ಸಚ್ಚಿದಾನಂದರ ಆಶೀರ್ವಚನವೂ ಆಗಿತ್ತು. ರವಿಶಂಕರ್ ಅವರಿಗೆ ಆ ಅನುಭವ ಹಿತವಾಗಲಿಲ್ಲ. ಕೆಸರಿನಲ್ಲಿ ಕೂತ ಆ ಜನಸ್ತೋಮವನ್ನು ಕಂಡು ಭಾರತದ ಹೊಂಡಗಳಲ್ಲಿ ಮುಳುಗಿ ಕೂತ ಎಮ್ಮೆಗಳ ನೆನಪಾಯಿತು ಎಂದು ಆಮೇಲೆ ಹೇಳಿದರು. ಅಲ್ಲಿ ಸಂಗೀತ ನೆಪಮಾತ್ರ ಎಂದೂ ಬೇಸರಪಟ್ಟರು. ಪಂಡಿತರ ದೂರು ಸಂಗೀತಗಾರನ ದೂರು, ಸರಿಯಾದದ್ದೇ. ಆದರೆ ಕೆಸರಲ್ಲಿ ಕೂತ ಜೀವಗಳನ್ನು ನೋಡಿ ಹಾಲಿನ ರೈತನಿಗೆ ಅಸಹ್ಯ ಹುಟ್ಟುವುದಿಲ್ಲ, ಇವಕ್ಕೆ ಮೇವು ನೀರು ಆಯಿತೇ ಎಂಬ ಚಿಂತೆ ಹುಟ್ಟುತ್ತದೆ. ಇಬ್ಬರ ನೋಟಕ್ಕೂ ವ್ಯತ್ಯಾಸ ಅಷ್ಟೇ.

ಮೂರನೆಯ ದಿನ, ಭಾನುವಾರ, ಮ್ಯಾಕ್ಸ್ ಅವರನ್ನು ವೇದಿಕೆಗೆ ಹತ್ತಿಸಿದರು. ಕನ್ನಡಕದ, ತೆಳ್ಳನೆ ಮೈಯ, ಹೃದಯದ ಕಾಯಿಲೆಯಿದ್ದ ಮನುಷ್ಯ. ತಾನೊಬ್ಬ ರೈತ, ಇಪ್ಪತ್ತು ಜನರ ಮುಂದೆಯೇ ಮಾತಾಡಲು ಬಾರದವನು ಇಷ್ಟು ಜನರ ಮುಂದೆ ಏನು ಹೇಳಲಿ ಎಂದು ಶುರು ಮಾಡಿದರು. ಒಂದೇ ಜಾಗದಲ್ಲಿ ಇಷ್ಟು ಜನ ಸೇರಿದ್ದು ಇದೇ ಮೊದಲಿರಬೇಕು ಎಂದರು, ನೀರು ಊಟಕ್ಕೆ ತೊಂದರೆಯಾಯಿತೆಂದು ಒಪ್ಪಿಕೊಂಡು ಸಂಘಟಕರ ಪರವಾಗಿ ಒಂದು ಮಾತು ಆಡಿದರು. ಕೊನೆಗೆ, ಐದು ಲಕ್ಷ ಹುಡುಗರು ಸೇರಿ ಮೂರು ದಿನ ಸಂಗೀತ ಮತ್ತು ಸಂತೋಷ ಬಿಟ್ಟರೆ ಬೇರೇನೂ ಇಲ್ಲದೆ ಕಳೆಯಬಲ್ಲರು ಎಂದು ಜಗತ್ತಿಗೆ ತೋರಿಸಿದಿರಿ ಎಂದು ಹರಸಿದರು. ಶಾಂತಿಯ ಸಂಕೇತವಾಗಿ ಎರಡು ಬೆರಳು ಎತ್ತಿ ತೋರಿದರು. ಹೊಲವಿಡೀ ಎದ್ದು ಕೂಗಿತು.

ಬೇರೇನೂ ಇರಲಿಲ್ಲ ಎಂಬುದು ಪೂರ್ತಿ ನಿಜವಲ್ಲ. ನಶೆ ಹೆಚ್ಚಾಗಿ ಒಬ್ಬ ಸತ್ತ. ಹೊಲದಲ್ಲಿ ಚೀಲದೊಳಗೆ ಮಲಗಿ ನಿದ್ದೆಹೋಗಿದ್ದ ಹದಿಹರೆಯದ ಹುಡುಗನ ಮೇಲೆ, ಗೊತ್ತಾಗದೆ, ಟ್ರ್ಯಾಕ್ಟರ್ ಹರಿಯಿತು. ವುಡ್‌ಸ್ಟಾಕ್ ಕುರಿತ ಭಾವುಕ ಬರಹಗಳಲ್ಲಿ ಈ ಹುಡುಗ ಬರುವುದೇ ಅಪರೂಪ. ಸೋಮವಾರ ಬೆಳಿಗ್ಗೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ನುಡಿಸಿ ಮುಗಿಸುವ ಹೊತ್ತಿಗೆ ಹೊಲದಲ್ಲಿ ಕುದುರೆ ಮಸಾಲೆಯ ಒಂದು ಎಲೆ ಉಳಿದಿರಲಿಲ್ಲ. ಕೆಸರು, ಕಸ, ಬಿಟ್ಟುಹೋದ ಚಪ್ಪಲಿ, ಕಂಬಳಿ.

ಬಿಲ್ಲು ಬಂದದ್ದು ಆಮೇಲೆ. ಊರಿನ ದಿನಸಿ ಅಂಗಡಿಯಲ್ಲಿ ಅವರಿಗೆ ಮರ್ಯಾದೆ ಇಲ್ಲದಾಯಿತು. ನೆರೆಹೊರೆಯವರಲ್ಲಿ ಅನೇಕರು ಮುಖ ತಿರುಗಿಸಿದರು. 1970ರ ಜನವರಿಯಲ್ಲಿ ನೆರೆಯವರು 35,000 ಡಾಲರ್ ನಷ್ಟ ತುಂಬಿಕೊಡಬೇಕೆಂದು ದಾವೆ ಹೂಡಿದರು. ಮ್ಯಾಕ್ಸ್ ಅವರ ಸ್ವಂತ ಜಮೀನಿಗೆ ಆದ ಹಾನಿ ಅದಕ್ಕಿಂತ ದೊಡ್ಡದು. ಅದಕ್ಕೆ 50,000 ಡಾಲರ್ ಪರಿಹಾರ ಇತ್ಯರ್ಥವಾಗಲು ವರ್ಷದ ಮೇಲಾಯಿತು. ಹುಡುಗರಿಗೆ ಜಾಗ ಕೊಟ್ಟದ್ದಕ್ಕೆ ಅವರು ಪಶ್ಚಾತ್ತಾಪ ಪಟ್ಟದ್ದಿಲ್ಲ. ಆದರೆ ಮರುವರ್ಷ ಇನ್ನೊಂದು ಉತ್ಸವ ಮಾಡೋಣ ಎಂದು ಬಂದವರಿಗೆ ಖಡಾಖಂಡಿತವಾಗಿ ಇಲ್ಲ ಎಂದರು. ತಾನು ಮತ್ತೆ ಹಾಲಿನ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದರು. ಈ ಇಲ್ಲ ಎಂಬ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಹೆಸರು ಬಂದಿತ್ತು, ಪತ್ರಿಕೆಗಳು ಬೆನ್ನಿಗಿದ್ದವು, ವರ್ಷ ವರ್ಷ ಹೊಲ ಬಾಡಿಗೆಗೆ ಬಿಟ್ಟು ಹಾಯಾಗಿರಬಹುದಿತ್ತು. ಆ ಮೂರು ದಿನವನ್ನು ಕಸುಬು ಮಾಡಿಕೊಳ್ಳಲು ಅವರು ಒಪ್ಪಲಿಲ್ಲ.

ಹಾಲಿನ ಕೆಲಸಕ್ಕೆ ಮರಳಿದರೂ ಬಹಳ ದಿನ ನಡೆಯಲಿಲ್ಲ. ಹೃದಯ ಸೋತಿತ್ತು, ಕಾಲವೂ ಬದಲಾಗುತ್ತಿತ್ತು. ಕ್ಯಾನು ಹೋಗಿ ಉಕ್ಕಿನ ಶೀತಲ ಟ್ಯಾಂಕು ಬಂದಾಗಲೇ ಆ ಬೆಟ್ಟದ ಸಣ್ಣ ಸಣ್ಣ ಹಾಲಿನ ರೈತರು ಬಾಗಿಲು ಹಾಕತೊಡಗಿದ್ದರು. ಸೂಪರ್ ಮಾರ್ಕೆಟ್ಟಿನ ರಟ್ಟಿನ ಡಬ್ಬಿ ಬಂದು ವರ್ತನೆ ಹಾಲಿನ ಗಾಡಿಯನ್ನು ರಸ್ತೆಯಿಂದ ಇಳಿಸುತ್ತಿತ್ತು. 1971ರಲ್ಲಿ ಮ್ಯಾಕ್ಸ್ 600 ಎಕರೆ ಹೊಲವನ್ನು ಮಾರಿದರು. ಕಾಲದ ತಮಾಷೆ ನೋಡಿ: ಅಲ್ಲಿ ಒಂದು ದೊಡ್ಡ ಹಾಲಿನ ಮನೆ ಮುಚ್ಚುವ ಹೊತ್ತಿಗೆ ನಮ್ಮಲ್ಲಿ ಕ್ಷೀರಕ್ರಾಂತಿಯ ಮೊದಲ ಹಂತ ಶುರುವಾಗಿತ್ತು. ಬೆಂಗಳೂರಿನ ಡೇರಿ 1965ರಲ್ಲೇ ಬಂದಿತ್ತು, 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ, ಹತ್ತು ವರ್ಷದ ಮೇಲೆ ಅದೇ ಕೆಎಂಎಫ್ ಆಯಿತು. ಒಬ್ಬನೇ 650 ಹಸು ಕಟ್ಟಿ ತನ್ನದೇ ಘಟಕ ನಡೆಸುವುದು ಅವರ ಹಾದಿ. ಎರಡು ಹಸುವಿನ ಮನೆಗಳು ಸಾವಿರಾರು ಸೇರಿ ಒಂದು ಘಟಕ ಕಟ್ಟುವುದು ನಮ್ಮ ಹಾದಿ. ಎರಡರಲ್ಲೂ ಕೊನೆಗೆ ಒಂದು ಪ್ರಶ್ನೆ ಎದುರಾಗುತ್ತದೆ: ಅಪ್ಪನ ಕೈ ಸೋತಾಗ ಕೊಟ್ಟಿಗೆಗೆ ಇಳಿಯುವವರು ಯಾರು? ಸ್ಯಾಮ್ ವಕೀಲರಾಗಿದ್ದರು. ಅಪ್ಪ ಓದಿಯೂ ಬಿಟ್ಟುಬಂದ ಕಾನೂನನ್ನು ಮಗ ಹಿಡಿದಿದ್ದರು. ಕೋಲಾರದಲ್ಲೋ ಮಂಡ್ಯದಲ್ಲೋ ಡೇರಿಗೆ ಹಾಲು ಹಾಕಿಯೇ ಮಕ್ಕಳನ್ನು ಓದಿಸಿದ ತಂದೆತಾಯಂದಿರಿಗೆ ಈ ಕತೆ ಹೊಸದೇನಲ್ಲ.

ಮ್ಯಾರಥಾನ್‌ನಲ್ಲಿ ಅವರು ಕಳೆದ ದಿನಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಸಮುದ್ರದ ನಡುವಿನ ದ್ವೀಪಗಳ ಸಾಲಿನಲ್ಲಿ ಒಂದು ಊರು, ಬೆಚ್ಚಗಿನ ಗಾಳಿ, ಹೊತ್ತಿಗೆ ಕರೆಯಬೇಕಾದ ಹಸು ಇಲ್ಲ. ಒಂದೂವರೆ ವರ್ಷದಲ್ಲಿ ಎಲ್ಲ ಮುಗಿಯಿತು. ನಾಲ್ಕೇ ವರ್ಷದ ಅಂತರದಲ್ಲಿ, 1977ರಲ್ಲಿ, ಮಗಳು ಲೋಯಿಸ್ ಕೂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮಿರಿಯಮ್ ಮಾತ್ರ ದೀರ್ಘಕಾಲ ಬಾಳಿ 2014ರಲ್ಲಿ ಹೋದರು. ವುಡ್‌ಸ್ಟಾಕ್ ಬಗ್ಗೆ ಯಾರು ಏನೇ ಉಬ್ಬಿಸಿ ಬರೆಯಲಿ, ಹುಲ್ಲಿನ ಕೊರತೆಯಿಂದ ಹಿಡಿದು ರಸ್ತೆಬದಿಯ ಫಲಕದ ತನಕ ಇದ್ದದ್ದನ್ನು ಇದ್ದಂತೆ ಹೇಳುತ್ತ ಬಂದವರು ಅವರೇ. ಸ್ಯಾಮ್ ಮುಂದೆ ಅದೇ ಸಲಿವನ್ ಕೌಂಟಿಗೆ ಸರಕಾರಿ ವಕೀಲರಾದರು. ಅಪ್ಪನನ್ನು ಊರು ದೂರವಿಟ್ಟ ಸೀಮೆಗೇ ಮಗ ಕಾನೂನು ಸಲಹೆ ಕೊಟ್ಟರು. 2009ರಲ್ಲಿ, ಉತ್ಸವಕ್ಕೆ 40 ವರ್ಷ ತುಂಬಿದಾಗ, ಅಪ್ಪನ ಬಗ್ಗೆ ಒಂದು ಪುಸ್ತಕ ಬರೆದರು. 2016ರಲ್ಲಿ ಅವರೂ ಹೋದರು.

ಅದೇ 2009ರಲ್ಲಿ ಆಂಗ್ ಲೀ ವುಡ್‌ಸ್ಟಾಕ್ ಹಿನ್ನೆಲೆಯ ಒಂದು ಸಿನಿಮಾ ಮಾಡಿದರು, ಮ್ಯಾಕ್ಸ್ ಪಾತ್ರದಲ್ಲಿ ಯೂಜಿನ್ ಲೆವಿ. ಹೊಲದ ಜಾಗವನ್ನು ಕೇಬಲ್ ಟಿವಿ ಉದ್ಯಮಿ ಅಲನ್ ಗೆರ್ರಿ ಸುತ್ತಲಿನ ಜಮೀನಿನ ಸಮೇತ ಕೊಂಡರು. 2006ರಿಂದ ಅಲ್ಲಿ ಬೆತೆಲ್ ವುಡ್ಸ್ ಕಲಾಕೇಂದ್ರವಿದೆ; ಆಮೇಲೆ ಬಂದ ವಸ್ತುಸಂಗ್ರಹಾಲಯವಿದೆ, ಟಿಕೆಟ್ ಕೊಂಡು ಹೋಗುವ ಸಂಗೀತ ಕಾರ್ಯಕ್ರಮಗಳಿವೆ. 2017ರಲ್ಲಿ ಅಮೆರಿಕ ಸರಕಾರ ಆ ಹೊಲವನ್ನು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿಸಿತು. ಹಿಪ್ಪಿಗಳು ಬಂದರೆ ಊರು ಹಾಳಾಗುತ್ತದೆ ಎಂದು ಫಲಕ ಹಾಕಿದ ಸೀಮೆಗೆ ಇಂದು ಪ್ರವಾಸಿಗರು ಬರುವುದು ಆ ಮೂರು ದಿನದ ಹೆಸರು ಕೇಳಿ.

ಮೈಕಲ್ ವ್ಯಾಡ್ಲಿ ಮಾಡಿದ ‘ವುಡ್‌ಸ್ಟಾಕ್’ ಸಾಕ್ಷ್ಯಚಿತ್ರ 1970ರದು, ಆಸ್ಕರ್ ಪಡೆದದ್ದು, ಮೂರು ಗಂಟೆಗೂ ಉದ್ದ. ಎಲ್ಲಾದರೂ ಸಿಕ್ಕರೆ ನೋಡಿ. ಹೆಂಡ್ರಿಕ್ಸ್ ಬರುವ ತನಕ ಕಾಯಲಾರದೆ ಓಡಿಸಿಕೊಂಡು ನೋಡುವವರೇ ಹೆಚ್ಚು. ಹಾಗೆ ಮಾಡಬೇಡಿ. ನಡುವೆ ಒಂದು ಕಡೆ ಕನ್ನಡಕದ ರೈತನೊಬ್ಬ ಮೈಕಿನ ಮುಂದೆ ತಡವರಿಸುತ್ತ ನಿಲ್ಲುತ್ತಾರೆ. ಅವರ ಮಾತು ಒಂದೆರಡು ನಿಮಿಷದ್ದು, ಪೂರ್ತಿ ಕೇಳಿ.